ಗೋಣಿ ಹೊದಿಸಿದ ಫ್ಯಾನು

ಎಲ್ವುಡ್ ಕ್ರೈಡರ್‌ಗೆ ಫೋನ್ ಮಾಡಿದವರು ಹೆಸರು ಹೇಳುವ ಮೊದಲೇ ಕೇಳುತ್ತಿದ್ದ ಪ್ರಶ್ನೆ ಒಂದೇ. ಒಂದು ಗುರಿಬಂದೂಕು ಕಟ್ಟಿಸಲು ಎಷ್ಟಾಗುತ್ತದೆ? ಅದಕ್ಕೆಂದೇ ಅವನು ಫೋನಿನ ಪಕ್ಕದ ಗೋಡೆಗೆ ಒಂದು ಕಂದು ಕಾಗದ ಅಂಟಿಸಿಕೊಂಡಿದ್ದ. ಅದನ್ನು ನೋಡಿ ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದ. ತೋಟಾವನ್ನು ಒಳಗೆ ದೂಡಿ ಮುಚ್ಚುವ ಬೋಲ್ಟು ಮತ್ತು ಅದು ಕೂರುವ ಉಕ್ಕಿನ ಮನೆ ಸಾವಿರದ ಆರುನೂರು ಡಾಲರ್. ಕೊರೆದ ನಳಿಗೆ ನಾನೂರ ಐವತ್ತು. ಟ್ರಿಗರ್ ಇನ್ನೂರ ಎಂಬತ್ತು. ವಾಲ್ನಟ್ ಮರದ ಹಿಡಿ ಒಂಬೈನೂರು. ದುರ್ಬೀನು ಎರಡು ಸಾವಿರ, ಆಸೆ ಹೆಚ್ಚಿದ್ದರೆ ಇನ್ನೂ ಹೆಚ್ಚು. ತನ್ನ ಕೂಲಿ ಏಳುನೂರು. ಆ ಕಡೆಯಿಂದ ಉಸಿರು ಎಳೆದುಕೊಂಡ ಸದ್ದು ಬಂದರೆ, "ಅಂಗಡೀಲಿ ಮುನ್ನೂರಕ್ಕೆ ಸಿಗುತ್ತೆ. ತಗೊಂಡು ಅಳಿಲು ಹೊಡ್ಕೊಳ್ಳಿ" ಎಂದು ಫೋನ್ ಇಟ್ಟುಬಿಡುತ್ತಿದ್ದ.

ಈ ಸೊಕ್ಕು ಅವನಿಗೆ ಸಲ್ಲುತ್ತಿತ್ತು. ಪೆನ್ಸಿಲ್ವೇನಿಯದ ನಮ್ಮ ಕಣಿವೆಯಲ್ಲಷ್ಟೇ ಅಲ್ಲ, ಓಹಾಯೋ, ಮೇರಿಲ್ಯಾಂಡ್ ಕಡೆಯಿಂದಲೂ ಜನ ಅವನು ಬಂದೂಕು ಕಟ್ಟುವ ಹಳೆಯ ಕೊಟ್ಟಿಗೆಗೆ ಬರುತ್ತಿದ್ದರು. ನಮ್ಮದು ಮೇಜಿನ ಮುಂದೆ ಕೂತು, ಬಂದೂಕನ್ನು ಮರಳುಚೀಲಕ್ಕೆ ಒರಗಿಸಿ, ಐವತ್ತು ಗಜ ದೂರದ ಹಾಳೆಗೆ ಹೊಡೆಯುವ ಆಟ. ಹಾಳೆಯಲ್ಲಿ ಇಪ್ಪತ್ತೈದು ಪುಟ್ಟ ವೃತ್ತ, ವೃತ್ತಕ್ಕೆ ಒಂದೇ ಗುಂಡು. ತೋಟಾ ಚಿಕ್ಕದು, ಗುಂಡು ಬಟಾಣಿ ಕಾಳಿಗಿಂತ ಸಣ್ಣ ಸೀಸದ ಹನಿ. ಅಷ್ಟು ಹಗುರವಾದ್ದರಿಂದ ಯಾರಾದರೂ ಕೆಮ್ಮಿದರೂ ಅದು ದಾರಿ ತಪ್ಪುತ್ತದೆ ಎಂದು ನಾವು ತಮಾಷೆ ಮಾಡುತ್ತೇವೆ. ಮುದುಕರ ಆಟ ಎಂದು ನಗುವವರು ಒಮ್ಮೆ ಬಂದು ಕೂತು ನೋಡಲಿ.

ನಾನು ಮೆರ್ಲ್ ಹಾಸ್ಟೆಟರ್. ಮೂವತ್ತೆಂಟು ವರ್ಷ ಈ ಕಣಿವೆಯಲ್ಲಿ ಹಾಲಿನ ಟ್ಯಾಂಕರ್ ಓಡಿಸಿ ಈಗ ಮನೆಯಲ್ಲಿ ಕೂತಿದ್ದೇನೆ. ಎಲ್ವುಡ್ಡೂ ನಾನೂ ಒಂದೇ ಚರ್ಚಿನ ಒಂದೇ ಬೆಂಚಿನಲ್ಲಿ ಬೆಳೆದವರು. ಅವನ ಕಥೆ ಹೇಳಹೊರಟರೆ ಅರ್ಧ ನನ್ನ ತಪ್ಪೊಪ್ಪಿಗೆಯಾಗುತ್ತದೆ. ಆಗಲಿ.

ಹದಿನೆಂಟು ವರ್ಷದ ಹಿಂದೆ ರಸ್ತೆ ಕೆಲಸ ಮುಗಿದಾಗ ಆಳೆತ್ತರದ ಸಿಮೆಂಟು ಕೊಳವೆಗಳು ಉಳಿದವು. ಎಲ್ವುಡ್ ಅವನ್ನು ಕೊಂಡು, ಕೊಟ್ಟಿಗೆಯ ಹಿಂಗೋಡೆಯಿಂದ ತರಕಾರಿ ತೋಟದ ಕೆಳಗೆ ಐವತ್ತು ಗಜ ಉದ್ದಕ್ಕೆ ಹೂಳಿ ಸುರಂಗ ಮಾಡಿದ. ಹೊರಗೆ ಗಾಳಿ, ಹಿಮ, ಬಿಸಿಲು ಏನೇ ಇರಲಿ, ಒಳಗೆ ಗುಂಡು ಹಾರಿಸಿ ನಳಿಗೆಯನ್ನು ಪರೀಕ್ಷೆ ಮಾಡಬಹುದು. ಹೊಗೆ ಹೊರಗೆ ಹಾಕಲು ಒಂದು ಫ್ಯಾನು ಬೇಕಿತ್ತು. ಬಾಗಿಲು ಮುಚ್ಚಿದ ಒಂದು ಹೈನು ಕೊಟ್ಟಿಗೆಯಿಂದ, ಹಸುಗಳಿಗೆ ಗಾಳಿ ಬೀಸುತ್ತಿದ್ದ ದೊಡ್ಡ ಫ್ಯಾನು ತಂದುಕೊಟ್ಟವನು ನಾನೇ. ಅದನ್ನು ಸುರಂಗದ ಈ ತುದಿಯಲ್ಲಿ, ಹೊಡೆಯುವವರು ಕೂರುವ ಕೋಣೆಯ ಗೋಡೆಗೆ ಕೂರಿಸಿದೆವು.

ಅದನ್ನು ನಿಲ್ಲಿಸಿದವನೂ ನಾನೇ. ಆ ಚಳಿಗಾಲದಲ್ಲಿ ಒಂದು ದಿನ ಒಂದೇ ಬಂದೂಕಿನಿಂದ ಎರಡು ಹಾಳೆ ಹೊಡೆದೆ, ಒಂದು ಫ್ಯಾನು ಹಾಕಿ, ಇನ್ನೊಂದು ನಿಲ್ಲಿಸಿ. ಫ್ಯಾನು ಹಾಕಿದ ಹಾಳೆಯಲ್ಲಿ ತೂತುಗಳು ಅಂಗಿಯ ಗುಂಡಿಗಳ ಹಾಗೆ ಮೇಲೆ ಕೆಳಗೆ ಸಾಲಾಗಿದ್ದವು. ನಿಲ್ಲಿಸಿದ ಹಾಳೆಯಲ್ಲಿ ಎಲ್ಲವೂ ಒಂದೇ ತೂತಿಗೆ ಹೋಗಿದ್ದವು. ಹಾಳೆಗಳನ್ನು ಎಲ್ವುಡ್ ಮೂಗಿನ ಮುಂದೆ ಹಿಡಿದು, "ನಿನ್ನ ಫ್ಯಾನು ನಿನ್ನ ನಳಿಗೆ ಮೇಲೆ ಚಾಡಿ ಹೇಳ್ತಿದೆ ನೋಡೋ" ಎಂದೆ. ಅವತ್ತೇ ಅವನು ಫ್ಯಾನಿಗೆ ಗೋಣಿಚೀಲ ಹೊದಿಸಿ ಕಟ್ಟಿದ. ಸುರಂಗದ ಆ ತುದಿಯ ಬಾಗಿಲ ಸಂದಿಗೂ ಬಟ್ಟೆ ತುರುಕಿದ. "ನಿಂತ ಗಾಳೀಲಿ ಮಾತ್ರ ನಳಿಗೆ ಸುಳ್ಳು ಹೇಳಲ್ಲ" ಎನ್ನುವುದು ಅವನ ಮಂತ್ರವಾಯಿತು. ಬಂದ ಗಿರಾಕಿಗಳಿಗೆಲ್ಲ ನಾನೂ ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದೆ. ಹೊಗೆ ವಾಸನೆ ನಮಗೆಲ್ಲ ಇಷ್ಟವೇ ಆಗಿತ್ತು.

ಎಲ್ವುಡ್‌ನ ಹೆಂಡತಿ ತೀರಿಕೊಂಡ ಮೇಲೆ ಮಗಳು ರೋಡಾ ಪರೀಕ್ಷೆಯ ಕೆಲಸ ಹಿಡಿದಳು. ಆಗ ಅವಳಿಗೆ ಇಪ್ಪತ್ತೇಳು, ಈಗ ಮೂವತ್ತನಾಲ್ಕು. ಅವಳ ಮನೆ ಎಲ್ವುಡ್‌ನ ತೋಟದ ಆಚೆ ಬದಿಗೆ. ಗಂಡ ಡ್ವೈಟ್ ಸೇತುವೆ ಕೆಲಸದವನು, ವಾರವೆಲ್ಲ ಹೊರಗೆ. ಅವಳು ಶಾಲೆಯ ಅಡುಗೆಮನೆಯಲ್ಲಿ ದುಡಿಯುತ್ತಾಳೆ. ಕಣಿವೆಯಲ್ಲಿ ಅವಳಷ್ಟು ನಿಶ್ಚಲವಾಗಿ ಟ್ರಿಗರ್ ಎಳೆಯುವವರು ಇಲ್ಲ. ನಾವು ಗಂಡಸರು ಗುಂಡು ಆಚೀಚೆ ಹೋದರೆ ನಳಿಗೆಯನ್ನು ಬೈಯುತ್ತೇವೆ, ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ. ರೋಡಾ ಹೊಡೆದ ಹಾಳೆ ಕೆಟ್ಟಿದ್ದರೆ ನಳಿಗೆ ಕೆಟ್ಟದ್ದೇ. ಎಲ್ವುಡ್‌ಗೆ ಅದೇ ತೀರ್ಪು.

ಇಷ್ಟು ಸ್ಥಿರವಾದ ಹುಡುಗಿಯ ಬಾಳಿನಲ್ಲಿ ಒಂದೇ ಒಂದು ಮಾತ್ರ ನಿಲ್ಲುತ್ತಿರಲಿಲ್ಲ. ಎರಡು ಸಲ ಬಸಿರಾದಳು. ಮೊದಲನೆಯದು ಮೂರನೇ ತಿಂಗಳಿಗೆ ಹೋಯಿತು, ಎರಡನೆಯದು ನಾಲ್ಕು ತುಂಬುವ ಮುಂಚೆ. ಎರಡೂ ಚಳಿಗಾಲದಲ್ಲಿ. ಎರಡನೆಯ ಸಲ ಎಲ್ವುಡ್ ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ಆಮೇಲೆ ಊರಿಗೆಲ್ಲ ಮತ್ತೆ ಹೇಳಬೇಕಾಯಿತು.

ಹೋದ ಅಕ್ಟೋಬರಿನಲ್ಲಿ ನಾನು ನನ್ನ ಬಂದೂಕಿಗೆ ಮುಂಗಡ ಕೊಟ್ಟೆ. ಎಪ್ಪತ್ತೊಂದರ ವಯಸ್ಸಿಗೆ ಅದು ಹುಚ್ಚೇ. ಆದರೆ ಒಂದು ಸಲ, ಒಂದೇ ಸಲ, ಇಪ್ಪತ್ತೈದಕ್ಕೆ ಇಪ್ಪತ್ತೈದು ಹೊಡೆದು ಸಾಯಬೇಕು ಎಂಬ ಆಸೆ ನನ್ನನ್ನು ಬಿಟ್ಟಿರಲಿಲ್ಲ. ಎಲ್ವುಡ್ ಮೊದಲ ನಳಿಗೆಯನ್ನು ಲೇತಿಗೆ ಏರಿಸಿ, ತೋಟಾ ಕೂರುವ ಮನೆ ಕೊರೆದು, ಬೇರೆಯವರ ಕೆಲಸ ಬದಿಗಿಟ್ಟು ತಿಂಗಳಲ್ಲಿ ಸಿದ್ಧ ಮಾಡಿದ. ಶನಿವಾರ ಬೆಳಿಗ್ಗೆ ನಾವಿಬ್ಬರೂ ಪೇಟೆಗೆ ತಿಂಡಿಗೆ ಹೋಗುವುದು, ಆ ಹೊತ್ತಿನಲ್ಲಿ ರೋಡಾ ಸುರಂಗದಲ್ಲಿ ಕೂತು ಐದು ಹಾಳೆ ಹೊಡೆದು ಮೇಜಿನ ಮೇಲಿಟ್ಟು ಹೋಗುವುದು, ಇದು ರೂಢಿ. ಡಿಸೆಂಬರಿನ ಒಂದು ಶನಿವಾರ ವಾಪಸು ಬಂದು ಹಾಳೆ ನೋಡಿದರೆ ತೂತುಗಳು ಮೇಲೆ ಕೆಳಗೆ ಸಾಲಾಗಿದ್ದವು.

ಎಲ್ವುಡ್ ನಳಿಗೆ ಬಿಚ್ಚಿ ಮೂಲೆಗೆ ನಿಲ್ಲಿಸಿದ. ಇನ್ನೊಂದು ಏರಿಸಿದ. ಜನವರಿಯ ಕೊನೆಗೆ ಅದೂ ಹಾಗೇ. ಮಾರ್ಚಿನಲ್ಲಿ ಮೂರನೆಯದೂ ಹಾಗೇ.

"ನಿನ್ನ ಹಣೆಬರಹನೇ ಮೇಲೆ ಕೆಳಗೆ ಕಣೋ," ಎಂದ. ಆದರೆ ನಗಲಿಲ್ಲ.

"ಈ ಸಾಲು ಎಲ್ಲೋ ನೋಡಿದ ಹಾಗಿದೆಯಲ್ಲ," ಎಂದೆ ನಾನು. ಎಲ್ಲಿ ಎಂದು ಹೊಳೆಯಲಿಲ್ಲ. ಹಾಲಿನ ಲಾರಿ ಓಡಿಸಿದವನ ತಲೆ.

ಅವನು ಆ ಮೂರು ನಳಿಗೆಗಳನ್ನು ತೋಟಕ್ಕೆ ಒಯ್ದು, ಬಟಾಣಿ ಸಾಲಿನಲ್ಲಿ ಬಳ್ಳಿ ಹಬ್ಬಲು ಗೂಟವಾಗಿ ಹೊಡೆದ. ಕೆಟ್ಟ ನಳಿಗೆಗೆ ಅವನ ಶಿಕ್ಷೆ ಯಾವಾಗಲೂ ಅದೇ. ಆದರೆ ಒಂದೇ ಬಂದೂಕಿಗೆ ಮೂರು ಗೂಟ ಎಂದೂ ಆಗಿರಲಿಲ್ಲ. "ನಳಿಗೆ ಕೆಟ್ಟಿಲ್ಲ ಮೆರ್ಲ್. ನನ್ನ ಕೈ ಕೆಟ್ಟಿದೆ," ಎಂದ. ಅಂಗೈ ತೆರೆದು ಮಡಚಿ ನೋಡಿಕೊಂಡ. ನನಗೆ ಆಗಲೇ ಒಂದು ಥರ ಭಯವಾಯಿತು. ಅವನ ಬಾಯಲ್ಲಿ ಅಂಥ ಮಾತು ನಾನು ಕೇಳಿರಲಿಲ್ಲ.

ಅದೇ ವಾರ ರೋಡಾ ಬಂದು ಹೇಳಿದಳು. ಐದನೇ ತಿಂಗಳು. ನಾಲ್ಕು ದಾಟುವವರೆಗೆ ಯಾರಿಗೂ ಹೇಳಬಾರದು ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದಳಂತೆ. ಎಲ್ವುಡ್ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟ. ಮರುದಿನದಿಂದಲೇ ನನ್ನ ಬಂದೂಕಿನ ಹಿಡಿಗೆಂದು ತಂದಿದ್ದ ವಾಲ್ನಟ್ ಹಲಗೆಯ ಉಳಿಕೆಯಲ್ಲಿ, ಲೇತಿನ ಪಕ್ಕದ ಮೇಜಿನ ಮೇಲೆ, ತೊಟ್ಟಿಲು ಮಾಡತೊಡಗಿದ. ಊರಲ್ಲಿ ಮಾತ್ರ ಯಾರಿಗೂ ಹೇಳಲಿಲ್ಲ. ನಾನು ರೇಗಿಸಿದರೂ ಹೇಳಲಿಲ್ಲ.

ಈಸ್ಟರ್‌ಗೆ ಎರಡು ವಾರ ಇರುವಾಗ ತಿಂಡಿ ಅಂಗಡಿಯಲ್ಲಿ ಕಾಫಿ ಬಟ್ಟಲು ಅವನ ಕೈಯಿಂದ ಜಾರಿತು. ಬಿಸಿ ಕಾಫಿ ತೊಡೆಯ ಮೇಲೆ ಚೆಲ್ಲಿದರೂ ಅವನು ಕೈಯನ್ನೇ ನೋಡುತ್ತಿದ್ದ. ಮಣಿಕಟ್ಟು ಎತ್ತಲಾಗದೆ ಜೋತುಬಿದ್ದಿತ್ತು.

"ಎಷ್ಟು ದಿನದಿಂದ ಹೀಗೆ?" ಎಂದೆ.

"ಶರಟಿನ ಗುಂಡಿ ಹಾಕ್ಕೊಳ್ಳೋಕಾಗ್ದೆ ತಿಂಗಳಾಯ್ತು. ಹೊಟ್ಟೆ ಕಿವುಚೋದು ಅದಕ್ಕೂ ಮುಂಚಿಂದ."

"ಬಾಯಿ ಬಿಟ್ಟು ಹೇಳೋಕೆ ನಿನಗೇನಾಗಿತ್ತು ರೋಗ?"

"ಹೇಳಿದ್ರೆ ನೀನು ನಿನ್ನ ಮುಂಗಡ ವಾಪಸ್ ಕೇಳ್ತಿದ್ದೆ."

ಎಳೆದುಕೊಂಡು ಡಾಕ್ಟರ ಹತ್ತಿರ ಹೋದೆ. ಪಾರ್ಶ್ವವಾಯು ಎಂದು ನಾನು ಅಂದುಕೊಂಡಿದ್ದೆ. ಡಾಕ್ಟರು ಅವನ ಕಸುಬು ಕೇಳಿದರು, ಉಗುರಿನ ಸಂದಿಯ ಬೂದಿ ಬಣ್ಣ ನೋಡಿದರು, ರಕ್ತ ತೆಗೆಸಿದರು. ಈಸ್ಟರ್ ವಾರದ ಬುಧವಾರ ಸಂಜೆ ನಾನು ಕೊಟ್ಟಿಗೆಯಲ್ಲಿದ್ದಾಗ ನರ್ಸಿನ ಫೋನ್ ಬಂತು. ಎಲ್ವುಡ್‌ನ ಮಣಿಕಟ್ಟು ಎತ್ತಿ ಹಿಡಿಯಲಾರದ್ದರಿಂದ ಫೋನನ್ನು ಮೇಜಿನ ಮೇಲಿಟ್ಟು ಇಬ್ಬರಿಗೂ ಕೇಳುವ ಹಾಗೆ ಮಾಡಿದ್ದ.

"ಕ್ರೈಡರ್ ಅವ್ರೇ, ನಿಮ್ಮ ರಕ್ತದಲ್ಲಿ ಸೀಸ ಇದೆ. ಐದರ ಒಳಗಿರಬೇಕು. ನಿಮ್ದು ನಲವತ್ತೇಳು. ಮುಚ್ಚಿದ ಜಾಗದಲ್ಲಿ ಗುಂಡು ಹಾರಿಸ್ತೀರಾ?"

"ಹಾರಿಸ್ತೀವಿ."

"ಗಾಳಿ ಹೊರಗೆ ಹೋಗೋಕೆ ಏನಾದ್ರೂ ವ್ಯವಸ್ಥೆ?"

ಎಲ್ವುಡ್ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

"ಇವತ್ತಿಂದ ಒಳಗೆ ಕಾಲಿಡಬೇಡಿ," ಎಂದಳು ನರ್ಸು. "ಹೊಗೆಯಲ್ಲೇ ಇರುತ್ತೆ ಅದು. ಧೂಳಲ್ಲಿರುತ್ತೆ, ಬಟ್ಟೇಲಿರುತ್ತೆ. ಮನೇಲಿ ಬೇರೆ ಯಾರ್ಯಾರಿದ್ದಾರೆ? ಚಿಕ್ಕ ಮಕ್ಕಳು, ಬಸುರಿ ಹೆಂಗಸರು?"

ಎಲ್ವುಡ್ "ಯಾರೂ ಇಲ್ಲ" ಎಂದ. ಆಮೇಲೆ, "ಇದಾಳೆ," ಎಂದ.

ಮಗಳಿಗೆ ಹೇಳುವುದು ಅವನಿಂದಾಗಲಿಲ್ಲ. ತೋಟದ ಅರ್ಧದವರೆಗೆ ಬಂದು ಬಟಾಣಿ ಸಾಲಿನ ಹತ್ತಿರ ನಿಂತುಬಿಟ್ಟ. ನಾನೇ ಹೋಗಿ ಅವಳ ಅಡುಗೆಮನೆಯಲ್ಲಿ ಹೇಳಿದೆ. ಅವಳು ಹಬ್ಬಕ್ಕೆಂದು ಬೇಯಿಸಿದ ಮೊಟ್ಟೆಗಳನ್ನು ಬೀಟ್‌ರೂಟಿನ ಹುಳಿರಸಕ್ಕೆ ಒಂದೊಂದಾಗಿ ಬಿಡುತ್ತಿದ್ದಳು. ಬೆರಳೆಲ್ಲ ಕೆಂಪು. ಕೇಳಿಸಿಕೊಂಡು, ನಲ್ಲಿಯ ಕೆಳಗೆ ಕೈ ಹಿಡಿದಳು. ಸೋಪು ಹಾಕಿ ತೊಳೆದಳು. ಒರೆಸಿಕೊಂಡು ಮತ್ತೆ ತೊಳೆದಳು.

"ಅಂಕಲ್, ಗಾಳಿ ಆಡಿದ್ರೆ ಅದು ಕಮ್ಮಿ ಆಗುತ್ತಾ?"

"ಗೊತ್ತಿಲ್ಲಮ್ಮ. ನಾಳೆ ಬೆಳಿಗ್ಗೆ ರಕ್ತ ತೆಗೀತಾರೆ. ಕೇಳೋಣ."

"ಎಷ್ಟು ದಿನಕ್ಕೆ ಗೊತ್ತಾಗುತ್ತೆ?"

"ಹಬ್ಬದ ರಜಾ ಅಂತೆ. ಮಂಗಳವಾರ."

"ಅಪ್ಪನ್ನ ಒಳಗೆ ಕರೀಬೇಡಿ. ಅವನ ಮುಖ ನೋಡಿದ್ರೆ ನನಗೆ ಧೈರ್ಯ ಇರಲ್ಲ," ಎಂದಳು.

ಗುರುವಾರ ಸ್ಕ್ಯಾನ್ ಮಾಡಿಸಿಕೊಂಡು ರಕ್ತ ಕೊಟ್ಟಳು. ನಾನೂ ಕೊಟ್ಟೆ. ಆಮೇಲಿನ ಐದು ದಿನ ನನ್ನ ಬಾಳಿನ ಉದ್ದದ ದಿನಗಳು. ಭಯ ಎಂದರೆ ಎದೆ ಬಡಿದುಕೊಳ್ಳುವುದು ಎಂದು ತಿಳಿದಿದ್ದೆ. ಅಷ್ಟೇ ಅಲ್ಲ. ಊಟದ ತಟ್ಟೆ ಎದುರಿಗಿಟ್ಟುಕೊಂಡು, ಈ ತಟ್ಟೆಯಲ್ಲೂ ಇದೆಯೇನೋ ಎಂದು ಬೆರಳಿನಿಂದ ಒರೆಸಿ ನೋಡುವುದು ಭಯ. ನನ್ನ ಹಳೆಯ ಎರಡು ಹಾಳೆಗಳು ಕಣ್ಣು ಮುಚ್ಚಿದರೆ ಎದುರಿಗೆ ಬರುತ್ತಿದ್ದವು. ಆದರೂ, ನೋಡಿ ನನ್ನ ಬುದ್ಧಿಯನ್ನು, ಆ ಹಾಳೆಯನ್ನೂ ರೋಡಾಳ ಹಾಳೆಗಳನ್ನೂ ಜೋಡಿಸಿ ನೋಡಲು ನನಗೆ ತೋಚಲೇ ಇಲ್ಲ. ನನ್ನ ಬಂದೂಕಿಗಾಗಿ ಅವಳು ಚಳಿಗಾಲವೆಲ್ಲ ಆ ಸುರಂಗದಲ್ಲಿ ಕೂತಿದ್ದಳು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಮೂರನೇ ನಳಿಗೆ ಬೇಡ, ಇದ್ದದ್ದರಲ್ಲೇ ಕಟ್ಟು ಎಂದು ಹೇಳಿದ್ದರೆ? ಒಂದು ಮಾತು. ಅದನ್ನು ಹೇಳಲಿಲ್ಲ, ಏಕೆಂದರೆ ನನಗೆ ಇಪ್ಪತ್ತೈದಕ್ಕೆ ಇಪ್ಪತ್ತೈದು ಬೇಕಿತ್ತು.

ಶನಿವಾರ ಮಧ್ಯಾಹ್ನ ಅವನನ್ನು ನೋಡಲು ಹೋದೆ. ಕೊಟ್ಟಿಗೆಯ ಹಿಂದೆ ಗುದ್ದಲಿಯ ಸದ್ದು. ಎಲ್ವುಡ್ ಜೋತುಬಿದ್ದ ಮಣಿಕಟ್ಟಿಗೆ ಬಟ್ಟೆ ಬಿಗಿದುಕೊಂಡು, ಸೊಂಟದಾಳದ ಗುಂಡಿ ತೋಡಿದ್ದ. ಪಕ್ಕದಲ್ಲಿ ಆ ತೊಟ್ಟಿಲಿತ್ತು. ಎಣ್ಣೆ ಹಚ್ಚುವುದೊಂದು ಬಾಕಿ, ಉಳಿದದ್ದೆಲ್ಲ ಮುಗಿದಿತ್ತು.

"ಏನೋ ಮಾಡ್ತಿದೀಯ?"

"ಲೇತ್ ಪಕ್ಕ ಮೂರು ವಾರ ಇತ್ತು ಇದು. ಕೊಟ್ಟಿಗೆ ಧೂಳೆಲ್ಲ ಇದರ ಮೇಲೆ."

"ಒರೆಸಿದ್ರೆ ಹೋಗುತ್ತೆ. ನಾನು ಒರೆಸ್ತೀನಿ, ಕೊಡು."

"ಎಷ್ಟು ಒರೆಸ್ತೀಯ? ಎಲ್ಲಿಗೆ ನಿಲ್ಲಿಸ್ತೀಯ?"

"ಹೂಳಬೇಡ ಕಣೋ. ಬೇಕಾದ್ರೆ ಸುಡು."

"ಸುಟ್ರೆ ಹೊಗೆ ಬರುತ್ತೆ. ಗಾಳಿ ಅವಳ ಮನೆ ಕಡೆಗಿದೆ."

ನಾನು ತೊಟ್ಟಿಲಿನ ಒಂದು ತುದಿ ಹಿಡಿದುಕೊಂಡೆ. ಅವನು ಇನ್ನೊಂದು ತುದಿ. ಇಬ್ಬರು ಮುದುಕರು ತೊಟ್ಟಿಲಿಗಾಗಿ ಎಳೆದಾಡಿದೆವು. ಅವನ ಕೈಯಲ್ಲಿ ಬಲವಿರಲಿಲ್ಲ, ನಾನು ಗೆಲ್ಲಬಹುದಿತ್ತು. ಆದರೆ ಅವನು ಅಳುತ್ತಿದ್ದ. ನಾನು ಬಿಟ್ಟುಕೊಟ್ಟೆ. ಗುಂಡಿಗೆ ಇಳಿಸಿ ಮಣ್ಣು ಎಳೆದೆವು. ಮೊದಲ ಮಣ್ಣು ಹಲಗೆಯ ಮೇಲೆ ಬಿದ್ದ ಸದ್ದು ನಾನು ಎಷ್ಟೋ ಶವಸಂಸ್ಕಾರಗಳಲ್ಲಿ ಕೇಳಿದ ಸದ್ದೇ. ತಲೆ ಎತ್ತಿದರೆ ರೋಡಾ ಅವಳ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಎರಡೂ ಕೈ ಹೊಟ್ಟೆಯ ಮೇಲಿದ್ದವು. ಸ್ವಲ್ಪ ಹೊತ್ತಿಗೆ ಪರದೆ ಎಳೆದಳು.

ಭಾನುವಾರ ಚರ್ಚಿನಲ್ಲಿ ನಮ್ಮ ಬೆಂಚಿನಲ್ಲಿ ನಾನೊಬ್ಬನೇ. ಎಲ್ಲರೂ ಎದ್ದು ಹಾಡುವಾಗ ನನ್ನ ಬಾಯಿ ತೆರೆಯಲಿಲ್ಲ. ದೇವರೇ, ನನಗೆ ಏನಾದರೂ ಮಾಡು, ಆ ಹುಡುಗಿಯನ್ನು ಬಿಡು, ಎಂದಷ್ಟೇ ಕೇಳಿಕೊಂಡೆ. ಅದನ್ನೂ ಎಷ್ಟು ಹೆದರುತ್ತ ಕೇಳಿದೆನೆಂದರೆ, ಏನಾದರೂ ಮಾಡು ಎಂದದ್ದಕ್ಕೆ ಮರುಕ್ಷಣ ಪಶ್ಚಾತ್ತಾಪವಾಯಿತು.

ಮಂಗಳವಾರ ಹನ್ನೊಂದು ಗಂಟೆಗೆ ಫೋನ್ ಬಂದದ್ದು ರೋಡಾಳ ಮನೆಗೆ. ಎಲ್ವುಡ್‌ನ ಅಡುಗೆಮನೆಯ ಕಿಟಕಿಯಿಂದ ಅವಳು ತೋಟ ದಾಟಿ ಬರುವುದು ಕಂಡಿತು. ಓಡುತ್ತಿರಲಿಲ್ಲ, ನಿಧಾನವಾಗಿಯೂ ಇರಲಿಲ್ಲ. ಎಲ್ವುಡ್ ಮೇಜು ಹಿಡಿದುಕೊಂಡ. ಅವಳು ಬಾಗಿಲಲ್ಲೇ ನಿಂತು ಹೇಳಿದಳು.

"ನಾಲ್ಕು."

"ಎಷ್ಟು?"

"ನಾಲ್ಕು, ಅಪ್ಪ. ಐದರ ಒಳಗೇ ಇದೆ. ಇನ್ಮುಂದೆ ಹತ್ರ ಸುಳೀಬೇಡ, ತಿಂಗಳಿಗೊಂದು ಸಲ ನೋಡೋಣ ಅಂದ್ರು. ಸ್ಕ್ಯಾನಲ್ಲಿ ಮಗು ಸರಿಯಾಗಿದೆ ಅಂದ್ರು."

ಎಲ್ವುಡ್ ಹಣೆಯನ್ನು ಮೇಜಿಗೆ ಒತ್ತಿಕೊಂಡ. ನನ್ನದು ಒಂಬತ್ತು ಎಂದು ಬೆಳಿಗ್ಗೆಯೇ ತಿಳಿದಿತ್ತು. ವರ್ಷಕ್ಕೆ ನಾಲ್ಕಾರು ಸಲ ಸುರಂಗಕ್ಕೆ ಹೋಗುವ ನನಗೆ ಒಂಬತ್ತು, ವಾರವಾರ ಹೋಗುವ ಅವಳಿಗೆ ನಾಲ್ಕು. ಲೆಕ್ಕ ಕೂಡಲಿಲ್ಲ.

"ಅದು ಹೇಗಮ್ಮ?" ಎಂದೆ.

ರೋಡಾ ಮೇಲಂಗಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಬೈಬಾರ್ದು, ಅಂಕಲ್."

"ಹೇಳು."

"ಡಿಸೆಂಬರಿಂದ ನನಗೆ ಆ ಹೊಗೆ ವಾಸನೆ ತಡ್ಕೊಳ್ಳೋಕಾಗ್ತಿರ್ಲಿಲ್ಲ. ಒಂದು ಗುಂಡು ಹೊಡೆದ್ರೆ ವಾಂತಿ. ಬರಲ್ಲ ಅಂದ್ರೆ ಯಾಕೆ ಅಂತ ಅಪ್ಪ ಕೇಳ್ತಾನೆ. ಹೇಳಿದ್ರೆ ಮತ್ತೆ ಹೋದ ಸಲದ ಹಾಗೆ ಆಗುತ್ತೇನೋ ಅಂತ ಭಯ. ನೀವಿಬ್ರೂ ಪೇಟೆಗೆ ಹೋದ ಮೇಲೆ ಗೋಣಿಚೀಲ ತೆಗೆದು ಫ್ಯಾನ್ ಹಾಕ್ತಿದ್ದೆ. ಆ ಕಡೆ ಬಾಗಿಲಿನ ಬಟ್ಟೇನೂ ಕೀಳ್ತಿದ್ದೆ. ಮುಗಿದ ಮೇಲೆ ಮತ್ತೆ ಹೊದಿಸಿ ಬರ್ತಿದ್ದೆ."

ಅಂಗಿಯ ಗುಂಡಿಗಳ ಸಾಲು ಆಗ ನನ್ನ ಕಣ್ಣಿಗೆ ಬಂತು. ಹದಿನೆಂಟು ವರ್ಷದ ಹಿಂದಿನ ನನ್ನ ಹಾಳೆ.

"ಹಾಗಾದ್ರೆ ನನ್ನ ನಳಿಗೆಗಳು..."

"ಮೂರೂ ಚೆನ್ನಾಗಿದ್ವು, ಅಂಕಲ್. ಎರಡನೇದನ್ನೂ ಅಪ್ಪ ಬಿಚ್ಚಿ ಮೂಲೆಗೆ ನಿಲ್ಲಿಸಿದಾಗ್ಲೇ ನನಗೆ ಗೊತ್ತಾಯ್ತು. ಹೇಳೋ ಧೈರ್ಯ ಬರ್ಲಿಲ್ಲ."

"ಮೊನ್ನೆ ಬುಧವಾರ ಆದ್ರೂ ಹೇಳಬಹುದಿತ್ತಲ್ಲೇ, ಫ್ಯಾನ್ ಹಾಕಿದ್ದೆ ಅಂತ. ಐದು ದಿನ ಸತ್ತು ಬದುಕಿದ್ವಿ."

"ಹೇಳ್ಬಿಟ್ರೆ ಎಲ್ರೂ ಆಸೆ ಇಟ್ಕೊಳ್ತೀರ. ಆಮೇಲೆ ಅದೂ ಸುಳ್ಳಾದ್ರೆ? ಆಸೆ ಇಟ್ಕೊಳ್ಳೋಕೆ ನನಗೆ ಹೆದರಿಕೆ."

ನನಗೆ ನಗು ಬಂತು. ಐದು ದಿನದ ಬಿಗಿಯೆಲ್ಲ ನಗುವಾಗಿ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಫ್ಯಾನು ಮಾಡಿದ್ದಕ್ಕೆ ನಳಿಗೆಗಳಿಗೆ ಶಿಕ್ಷೆಯಾಗಿತ್ತು. "ನನ್ನ ಸಾವಿರದ ಮುನ್ನೂರ ಐವತ್ತು ಡಾಲರ್ ಬಟಾಣಿ ಬಳ್ಳಿ ಹೊರ್ತಿದೆ ಕಣೋ ಎಲ್ವುಡ್. ನಿನ್ನ ಕೈ ಕೆಟ್ಟಿಲ್ಲ, ನಿನ್ನ ಮಗಳು ಕೆಟ್ಟೋಳು," ಎಂದೆ. ರೋಡಾಳೂ ನಕ್ಕಳು, ಮೂಗು ಒರೆಸಿಕೊಂಡಳು.

ಎಲ್ವುಡ್ ನಗಲಿಲ್ಲ. ಮೇಜಿನಿಂದ ತಲೆ ಎತ್ತಿದ. ಅವನ ಮುಖ ನೋಡಿ ನನ್ನ ನಗು ನಿಂತಿತು. ಅವನು ಏನು ಕೇಳಲಿದ್ದಾನೆಂದು ನನಗೆ ತಿಳಿದುಹೋಯಿತು. ಕೇಳಬೇಡ ಎನ್ನಬೇಕೆನಿಸಿತು. ಅಷ್ಟರಲ್ಲಿ ಕೇಳಿದ.

"ಮೊದಲೆರಡು ಸಲ?"

ರೋಡಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಆಗ್ಲೂ ಚಳಿಗಾಲ. ಆಗ್ಲೂ ಹೊಡೀತಿದ್ದೆ ನೀನು. ಆಗ ಫ್ಯಾನ್ ಹಾಕಿದ್ಯಾ?"

"ಇಲ್ಲ," ಎಂದಳು. "ಆಗ ವಾಸನೆ ಏನೂ ಅನ್ನಿಸ್ತಿರ್ಲಿಲ್ಲ."

"ಅದರಿಂದಲೇ ಅಂತ ಏನಿಲ್ಲ ಕಣೋ," ಎಂದೆ. "ನೂರು ಕಾರಣ ಇರುತ್ತೆ. ಡಾಕ್ಟರಿಗೂ ಹೇಳೋಕಾಗಲ್ಲ."

"ಹೌದು, ಅಪ್ಪ. ನಾನು ಕೇಳಿದೆ. ಹೇಳೋಕಾಗಲ್ಲ ಅಂದ್ರು."

ಆದರೆ ಅವಳು ಕೇಳಿದ್ದಳು. ಫೋನಿನಲ್ಲಿ, ನಾಲ್ಕು ಎಂಬ ಸಂತೋಷದ ಸುದ್ದಿ ಕೇಳಿದ ಅದೇ ಉಸಿರಿನಲ್ಲಿ, ಅವಳೂ ಅದನ್ನೇ ಕೇಳಿದ್ದಳು. ಎಲ್ವುಡ್‌ಗೂ ಅದು ಅರ್ಥವಾಯಿತು. ಅವಳು ಬಂದು ಅವನ ಹಿಂದೆ ನಿಂತು ಅವನ ಭುಜದ ಮೇಲೆ ಕೈಯಿಡಲು ಹೋದಾಗ ಅವನು ಬೆಚ್ಚಿ ಪಕ್ಕಕ್ಕೆ ಸರಿದ.

"ಮುಟ್ಟಬೇಡ. ಈ ಅಂಗಿ ಹಾಕ್ಕೊಂಡು ನಿನ್ನೆ ಕೊಟ್ಟಿಗೆಗೆ ಹೋಗಿದ್ದೆ," ಎಂದ.

ಈಗ ಜೂನ್. ಕೊಟ್ಟಿಗೆಗೆ ಬೀಗ ಬಿದ್ದಿದೆ. ಸುರಂಗದ ಎರಡೂ ಬಾಯಿಗೆ ಇಟ್ಟಿಗೆ ಕಟ್ಟಿಸಿದ್ದಾನೆ. ಫೋನನ್ನೂ ಕಂದು ಕಾಗದವನ್ನೂ ಅಡುಗೆಮನೆಗೆ ತಂದಿದ್ದೇವೆ, ಬಾಕಿ ಇರುವ ಗಿರಾಕಿಗಳಿಗೆ ಹೇಳಿ ಮುಗಿಸಬೇಕಲ್ಲ. ಔಷಧಿಯಿಂದ ಅವನ ಸೀಸ ಇಪ್ಪತ್ತಾರಕ್ಕೆ ಇಳಿದಿದೆ, ಮಣಿಕಟ್ಟು ಸ್ವಲ್ಪ ಎದ್ದಿದೆ. ರೋಡಾಳಿಗೆ ದಿನ ತುಂಬುತ್ತ ಬಂದಿದೆ. ತೊಟ್ಟಿಲನ್ನು ಅಂಗಡಿಯಿಂದ ಡ್ವೈಟ್ ತಂದ. ಮಗಳು ಬಂದರೆ ಎಲ್ವುಡ್ ಇವತ್ತಿಗೂ ಮೇಜಿನ ಆ ಬದಿಗೆ ಕೂರುತ್ತಾನೆ. ಬಟಾಣಿ ನಳಿಗೆಗಳ ತುದಿ ಮುಟ್ಟಿ ಕೆಳಕ್ಕೆ ಬಾಗಿದೆ. ಅವನ್ನು ಕಿತ್ತು ನನ್ನ ಬಂದೂಕು ಕಟ್ಟಿಕೊಡುತ್ತೇನೆ ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಮೊನ್ನೆ ಬಟಾಣಿ ಸುಲಿಯುತ್ತ ಕೂತಿದ್ದಾಗ ಫೋನ್ ಬಂತು. ಎಲ್ವುಡ್ ಎತ್ತಿದ. ಯಾರೋ ಹೊಸಬ. ದನಿ ನನಗೂ ಕೇಳಿಸುತ್ತಿತ್ತು. ಒಳ್ಳೆಯ ಗುರಿಬಂದೂಕು ಕಟ್ಟಿಸಬೇಕು, ತಾನೇ ಕಲಿತು ಕಟ್ಟಿದರೂ ಸರಿ, ನೆಲಮಾಳಿಗೆಯಲ್ಲಿ ಪರೀಕ್ಷೆಗೆ ಜಾಗವೂ ಇದೆ, ಒಟ್ಟು ಎಷ್ಟಾಗಬಹುದು ಎಂದು ಕೇಳುತ್ತಿದ್ದ. ಎಲ್ವುಡ್ ಕಂದು ಕಾಗದದ ಕಡೆ ನೋಡಿದ. ಬಾಯಿ ತೆರೆದ. ಮತ್ತೆ ಮುಚ್ಚಿ ಫೋನನ್ನು ನನ್ನ ಕಡೆ ಚಾಚಿದ.

"ನೀನೇ ಹೇಳು."

ನಾನು ಫೋನ್ ಹಿಡಿದೆ. ಕಾಗದದ ಮೇಲಿನ ಅಂಕಿಗಳು ಸ್ಪಷ್ಟವಾಗಿಯೇ ಕಾಣುತ್ತಿದ್ದವು. ಓದಲಾಗಲಿಲ್ಲ.

"ನಿಮ್ಮ ಮನೇಲಿ ಯಾರ್ಯಾರಿದ್ದಾರೆ?" ಎಂದು ಕೇಳಿದೆ.